ಹಾರ್ನ್ ಸ್ಪೀಕರಿನಲ್ಲಿ ಬಂದ ಡಿಸ್ಕೊ

ಆಂಧ್ರ-ಕರ್ನಾಟಕ ಗಡಿಯ ಹಿಂದೂಪುರ, ಪಾವಗಡ, ಕಲ್ಯಾಣದುರ್ಗಗಳ ಹುಡುಗರು ಡಿಸ್ಕೊಥೆಕ್ ಎಂಬುದನ್ನು ಕಂಡದ್ದು ಸಿನಿಮಾದಲ್ಲಿ ಮಾತ್ರ. ಆದರೂ ಎಂಬತ್ತರ ದಶಕದಲ್ಲಿ ಅವರು ಕುಣಿದದ್ದು ಡಿಸ್ಕೊಗೇ. ಜಾತ್ರೆ, ಮದುವೆ, ಬಸ್ಸು, ಟೆಂಟುಗಳಲ್ಲಿ ಮೊಳಗಿ, ನಗೆಪಾಟಲಿಗೂ ಈಡಾದ ಆ ಸಂಗೀತದ ಕುರಿತು ಒಂದು ಅಕ್ಕರೆಯ ಹಿನ್ನೋಟ.

ಹಿಂದೂಪುರದ ಮತದಾರರು 2014, 2019 ಮತ್ತು 2024ರಲ್ಲಿ ಸತತವಾಗಿ ಗೆಲ್ಲಿಸಿ ವಿಧಾನಸಭೆಗೆ ಕಳಿಸಿದ ನಂದಮೂರಿ ಬಾಲಕೃಷ್ಣ 1984ರಲ್ಲಿ 'ಡಿಸ್ಕೊ ಕಿಂಗ್' ಆಗಿದ್ದವರು. ಹಿಂದಿಯಲ್ಲಿ ಮಿಥುನ್ ಚಕ್ರವರ್ತಿ ಕುಣಿದ 'ಡಿಸ್ಕೊ ಡ್ಯಾನ್ಸರ್' ಚಿತ್ರದ ತೆಲುಗು ರೂಪ ಅದು. ಅದಾದ ಮರುವರ್ಷವೇ ಅವರ ತಂದೆ ಎನ್.ಟಿ. ರಾಮರಾವ್ ಹಿಂದೂಪುರದಿಂದ ಗೆದ್ದರು. 1989 ಮತ್ತು 1994ರಲ್ಲೂ ಇಲ್ಲಿಂದಲೇ ಗೆದ್ದರು. ರಾಮನಾಗಿ, ಕೃಷ್ಣನಾಗಿ ಮನೆಮನೆಯ ಕ್ಯಾಲೆಂಡರಿನಲ್ಲಿ ನೆಲೆಸಿದ್ದ ಆ ಹಿರಿಯರು ಕೂಡ, ರಾಜಕೀಯಕ್ಕೆ ಇಳಿಯುವ ಮುಂಚೆ, ಐವತ್ತು ದಾಟಿದ ವಯಸ್ಸಿನಲ್ಲಿ 'ವೇಟಗಾಡು' ಚಿತ್ರಕ್ಕಾಗಿ ಅಗಲ ಪ್ಯಾಂಟು ತೊಟ್ಟು ಶ್ರೀದೇವಿಯ ಜತೆ ಕುಣಿದಿದ್ದರು. ಡಿಸ್ಕೊಗೂ ಹಿಂದೂಪುರಕ್ಕೂ ಏನು ನಂಟು ಎಂದು ಕೇಳುವವರಿಗೆ ಚುನಾವಣಾ ಆಯೋಗದ ದಾಖಲೆಯನ್ನೇ ತೋರಿಸಬಹುದು!

ತಮಾಷೆ ಇರಲಿ. ಹಿಂದೂಪುರ ಹೆಸರಾಗಿದ್ದು ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ, ರೇಷ್ಮೆಗೂಡಿನ ಮಾರುಕಟ್ಟೆಗೆ. ಕಲ್ಯಾಣದುರ್ಗ ಬಂಡೆಗುಡ್ಡಗಳ, ಕಡಲೆಕಾಯಿ ಹೊಲಗಳ ಊರು. ಆಗ ಅಲ್ಲಿಗೆ ರೈಲೂ ಇರಲಿಲ್ಲ. ಮಳೆ ಕಾದು ಕೂರುವ ಈ ಸೀಮೆಗೆ ನ್ಯೂಯಾರ್ಕಿನ ಕತ್ತಲೆ ಕೋಣೆಗಳ ಸಂಗೀತ ಬಂದಿಳಿದು, ಇಲ್ಲಿಯದೇ ಎಂಬಂತೆ ಒಗ್ಗಿಹೋದದ್ದು ಹೇಗೆ? ಆ ದಾರಿ ಬೆಂಗಳೂರಿನ ಮೇಲೆಯೇ ಹಾದು ಬರುತ್ತದೆ.

ಬೆಂಗಳೂರಿನ ಇಬ್ಬರು ಹುಡುಗರು

ಭಾರತದ ಡಿಸ್ಕೊ ಎಂದೊಡನೆ ಕೊರಳ ತುಂಬ ಚಿನ್ನ ಹೇರಿಕೊಂಡ ಬಪ್ಪಿ ಲಹಿರಿ ನೆನಪಾಗುತ್ತಾರೆ. ಅವರಿಗಿಂತ ಮೊದಲು ಬಾಗಿಲು ತೆರೆದವರು ಬೆಂಗಳೂರಿನಲ್ಲಿ ಹುಟ್ಟಿದ ಇಬ್ಬರು.

ಒಬ್ಬರು ಬಿದ್ದು ಅಪ್ಪಯ್ಯ. 1945ರಲ್ಲಿ ಕೊಡವ ಕುಟುಂಬವೊಂದರಲ್ಲಿ ಹುಟ್ಟಿದ ಈ ಹುಡುಗ ಬೆಂಗಳೂರಿನಲ್ಲಿ 'ಟ್ರೋಜನ್ಸ್' ಎಂಬ ತಂಡ ಕಟ್ಟಿಕೊಂಡು ಗಿಟಾರು ಬಾರಿಸಿ ಹಾಡುತ್ತಿದ್ದ. ಅರವತ್ತರ ದಶಕದಲ್ಲಿ ಇಂಗ್ಲೆಂಡ್ ಸೇರಿ, ಕೈಗೆ ಸಿಕ್ಕ ಕೆಲಸ ಮಾಡುತ್ತ ಸ್ಟುಡಿಯೊ ಬಾಡಿಗೆಗೆ ಹಣ ಕೂಡಿಸಿದ. 1974ರಲ್ಲಿ ಕಾರ್ಲ್ ಡಗ್ಲಾಸ್ ಎಂಬ ಗಾಯಕನಿಗೆ ಒಂದು ಹಾಡು ರೆಕಾರ್ಡ್ ಮಾಡಿ ಮುಗಿಸಿದಾಗ ತಟ್ಟೆಯ ಹಿಂಬದಿಗೆ ಇನ್ನೊಂದು ಹಾಡು ಬೇಕಾಯಿತು. ಉಳಿದಿದ್ದ ಅಲ್ಪ ಸಮಯದಲ್ಲಿ ಅವಸರವಸರವಾಗಿ ಧ್ವನಿಮುದ್ರಿಸಿದ ಆ ಹಿಂಬದಿಯ ಹಾಡೇ 'ಕುಂಗ್ ಫು ಫೈಟಿಂಗ್'. ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿ, ಜಗತ್ತಿನಾದ್ಯಂತ ಅದರ ಪ್ರತಿಗಳ ಮಾರಾಟ ಕೋಟಿ ಮೀರಿತು. 1976ರಲ್ಲಿ ಬಿದ್ದು ನಿರ್ಮಾಣದಲ್ಲಿ ಟೀನಾ ಚಾರ್ಲ್ಸ್ ಹಾಡಿದ ಮತ್ತೊಂದು ಗೀತೆ ಬ್ರಿಟನ್ನಿನ ಪಟ್ಟಿಯ ತುದಿ ಮುಟ್ಟಿತು.

ಇನ್ನೊಬ್ಬರು ಫಿರೋಜ್ ಖಾನ್. 1939ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬಿದ್ದು ಓದಿದ ಬಿಷಪ್ ಕಾಟನ್ ಶಾಲೆಯಲ್ಲೇ ಓದಿ, ಮುಂಬೈಗೆ ಹೋಗಿ ನಟ-ನಿರ್ಮಾಪಕ-ನಿರ್ದೇಶಕರಾದವರು. 1980ರ 'ಕುರ್ಬಾನಿ' ಚಿತ್ರದ ಹಾಡುಗಳಿಗೆ ಕಲ್ಯಾಣ್‌ಜೀ-ಆನಂದ್‌ಜೀ ಜೋಡಿಯ ಸಂಗೀತವಿತ್ತು. ಜೀನತ್ ಅಮಾನ್ ಕುಣಿಯುವ ಒಂದೇ ಒಂದು ಹಾಡನ್ನು ಮಾತ್ರ ಫಿರೋಜ್ ಖಾನ್ ಲಂಡನ್ನಿನಲ್ಲಿದ್ದ ಬಿದ್ದು ಅವರಿಂದ ಮಾಡಿಸಿದರು. ಹಾಡಿದವಳು ಪಾಕಿಸ್ತಾನಿ ಮೂಲದ, ಇನ್ನೂ ಶಾಲೆಯ ಪ್ರಾಯದ ನಾಜಿಯಾ ಹಸನ್. 'ಆಪ್ ಜೈಸಾ ಕೋಯಿ' ಎಂಬ ಆ ಹಾಡಿಗೆ ಆಕೆಗೆ ಫಿಲಂಫೇರ್ ಪ್ರಶಸ್ತಿ ಬಂತು. ಮುಂದಿನ ವರ್ಷ ಬಿದ್ದು-ನಾಜಿಯಾ ಜೋಡಿಯ 'ಡಿಸ್ಕೊ ದೀವಾನೆ' ಬಂತು. ಸಿನಿಮಾದ ಹಂಗಿಲ್ಲದೆ ಮನೆಮಾತಾದ ಅಂಥ ಆಲ್ಬಂ ನಮ್ಮ ದೇಶದಲ್ಲಿ ಅಪರೂಪ.

ಆಗಿನ ಕಾಲಗಣನೆಯಲ್ಲಿ ಒಂದು ಸೋಜಿಗವಿದೆ. 1979ರ ಜುಲೈ 12ರಂದು ಶಿಕಾಗೊದ ಕಾಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ ಎರಡು ಬೇಸ್‌ಬಾಲ್ ಪಂದ್ಯಗಳ ನಡುವೆ ರಾಶಿಗಟ್ಟಲೆ ಡಿಸ್ಕೊ ರೆಕಾರ್ಡುಗಳನ್ನು ಸಿಡಿಮದ್ದಿಟ್ಟು ಹಾರಿಸಿದರು. ನ್ಯೂಯಾರ್ಕಿನ ಕಪ್ಪು ಜನ, ಲ್ಯಾಟಿನೊಗಳು, ಸಲಿಂಗಿಗಳು ಸೇರುತ್ತಿದ್ದ ಕ್ಲಬ್ಬುಗಳಲ್ಲಿ ಹುಟ್ಟಿದ ಸಂಗೀತವದು. ಅದರ ಮೇಲಿನ ಸಿಟ್ಟಿನಲ್ಲಿ ಆ ಜನರ ಮೇಲಿನ ಸಿಟ್ಟೂ ಬೆರೆತಿತ್ತು. ಅಮೆರಿಕದಲ್ಲಿ ಹೀಗೆ ಡಿಸ್ಕೊದ ತಿಥಿ ನಡೆದ ಮರುವರ್ಷ ನಮ್ಮಲ್ಲಿ ಅದರ ನಾಮಕರಣ. 1982ರ ಡಿಸೆಂಬರಿನಲ್ಲಿ 'ಡಿಸ್ಕೊ ಡ್ಯಾನ್ಸರ್' ತೆರೆಗೆ ಬಂದ ಮೇಲಂತೂ ದೇಶದ ಮೂಲೆಮೂಲೆಯ ಕನ್ನಡಿಗಳ ಮುಂದೆ ಹುಡುಗರು ತಲೆಗೆ ಪಟ್ಟಿ ಕಟ್ಟಿಕೊಂಡು ನಿಂತರು.

ನಾಲ್ಕು ಪೆಟ್ಟಿನ ಲೆಕ್ಕ

ಡಿಸ್ಕೊದ ಕಟ್ಟಡ ಸರಳ. ಒಂದು ಆವರ್ತಕ್ಕೆ ನಾಲ್ಕು ಸಮ ಪೆಟ್ಟು, ನಿಮಿಷಕ್ಕೆ ಸುಮಾರು 120ರ ಆಸುಪಾಸಿನ ವೇಗ. ನಾಲ್ಕೂ ಪೆಟ್ಟಿಗೆ ದೊಡ್ಡ ಡ್ರಮ್ಮಿನ ಗುದ್ದು. ಎರಡು ಗುದ್ದಿನ ನಡುವೆ ತೆಳು ತಾಳದ 'ಚಿಕ್'. ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಚಪ್ಪಾಳೆ. ಇದರ ಕೆಳಗೆ ಮಂದ್ರ ಷಡ್ಜದಿಂದ ಮೇಲಿನ ಷಡ್ಜಕ್ಕೆ ನೆಗೆದು ಮತ್ತೆ ಕೆಳಗಿಳಿಯುವ ಬೇಸ್. ಎಲ್ಲೂ ಗೊಂದಲವಿಲ್ಲ, ಸಂಗೀತ ಕಲಿಯದವನ ಕಾಲಿಗೂ ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಗೊತ್ತಾಗುತ್ತದೆ.

ಮೊದಮೊದಲು ಈ ಕಟ್ಟಡವನ್ನು ಎಬ್ಬಿಸುತ್ತಿದ್ದವರು ಡ್ರಮ್ಮು, ಪಿಟೀಲು, ತುತ್ತೂರಿಗಳ ದೊಡ್ಡ ಮೇಳದವರು. 1977ರಲ್ಲಿ ಇಟಲಿಯ ಜಾರ್ಜೊ ಮೊರೊಡರ್ ಮತ್ತು ಸಂಗಡಿಗರು ಡೋನಾ ಸಮರ್ ಹಾಡಿದ 'ಐ ಫೀಲ್ ಲವ್' ಗೀತೆಯ ಹಿಮ್ಮೇಳವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಮೂಗ್ ಸಿಂಥಸೈಜರಿನಿಂದಲೇ ಹೊರಡಿಸಿದರು. ಅಲ್ಲಿಂದ ಯಂತ್ರ ತಾನು ಯಂತ್ರವೆಂಬುದನ್ನು ಮುಚ್ಚಿಡದೆ ಹಾಡತೊಡಗಿತು. 1980ರಲ್ಲಿ ಜಪಾನಿನ ರೋಲಂಡ್ ಕಂಪನಿ ಟಿಆರ್-808 ಎಂಬ ತಾಳಯಂತ್ರ ತಂದಿತು. ಅದರ ಡ್ರಮ್ ಯಾವ ಡ್ರಮ್ಮಿನಂತೆಯೂ ಕೇಳುತ್ತಿರಲಿಲ್ಲ. ಸುಮಾರು ಹನ್ನೆರಡು ಸಾವಿರ ಮಾರಾಟವಾದ ಮೇಲೆ 1983ಕ್ಕೆ ತಯಾರಿಕೆ ನಿಂತಿತು.

ಆ ಯಂತ್ರವನ್ನು ಬಲು ಬೇಗ ಕೈಗೆತ್ತಿಕೊಂಡವರಲ್ಲಿ ಮುಂಬೈ ಸಿನಿಮಾ ವಾದ್ಯವೃಂದದ ಚರಣ್‌ಜಿತ್ ಸಿಂಗ್ ಒಬ್ಬರು. 1982ರಲ್ಲಿ ಅವರು 808, ಟಿಬಿ-303 ಮತ್ತು ಜೂಪಿಟರ್-8 ಯಂತ್ರಗಳನ್ನು ಜೋಡಿಸಿಕೊಂಡು ಭೈರವಿ, ಲಲಿತ್, ಮಾಲ್ಕೌನ್ಸ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೊ ತಾಳದಲ್ಲಿ ನುಡಿಸಿದರು. ಎಚ್‌ಎಂವಿ ಹೊರತಂದ ಆ ತಟ್ಟೆಯನ್ನು ಆಗ ಯಾರೂ ಮೂಸಲಿಲ್ಲ. ಅದೇ 303 ಯಂತ್ರ ಹಿಡಿದು ಶಿಕಾಗೊದ ಹುಡುಗರು 'ಆಸಿಡ್ ಹೌಸ್' ಎಂಬ ಹೊಸ ಪ್ರಕಾರ ಕಟ್ಟಿದ್ದು ಮುಂದೆ, 1987ರ ಹೊತ್ತಿಗೆ. 2010ರಲ್ಲಿ ತಟ್ಟೆ ಮರುಮುದ್ರಣವಾದಾಗ ಯೂರೋಪಿನ ಕೇಳುಗರು ಬೆರಗಾದರು. 2015ರಲ್ಲಿ ತೀರಿಕೊಳ್ಳುವ ಮೊದಲು ಆ ಮೆಚ್ಚುಗೆಯನ್ನು ಅವರು ಕಣ್ಣಾರೆ ಕಂಡರು ಎಂಬುದೊಂದೇ ಸಮಾಧಾನ.

ನಮ್ಮ ಕಡೆಯ ಆರ್ಕೆಸ್ಟ್ರಾಗಳಿಗೆ ರೋಲಂಡ್ ಎಟುಕುವ ಮಾತಾಗಿರಲಿಲ್ಲ. ಅವರ ಪಾಲಿಗೆ ಬಂದದ್ದು ಕ್ಯಾಸಿಯೊ. ಅದರ ಫಲಕದ ಮೇಲೆ ರಾಕ್, ವಾಲ್ಟ್ಸ್, ಸಾಂಬಾಗಳ ಸಾಲಿನಲ್ಲೇ 'ಡಿಸ್ಕೊ' ಎಂದು ಬರೆದ ಗುಂಡಿಯೊಂದು ಇರುತ್ತಿತ್ತು. ಅದನ್ನೊತ್ತಿದರೆ ತಾಳ ತಾನಾಗಿ ಹೊರಡುತ್ತಿತ್ತು. ಪಕ್ಕದಲ್ಲೊಂದು ಎಕೋ ಯಂತ್ರ: ನಿರೂಪಕ 'ಹಲೋ' ಎಂದರೆ ಊರಾಚೆಯ ಗುಡ್ಡದ ತನಕ ಲೋ ಲೋ ಲೋ. ಆಮೇಲೆ ರಿದಂ ಪ್ಯಾಡು ಬಂತು. ಕಡ್ಡಿಯಲ್ಲಿ ತಟ್ಟಿದರೆ 'ಪ್ಯೂಂ' ಎಂದು ಇಳಿದುಹೋಗುವ ಅದರ ದನಿಯನ್ನು ಮರುದಿನ ಶಾಲೆಯ ಮಕ್ಕಳೆಲ್ಲ ಬಾಯಲ್ಲಿ ಮಾಡುತ್ತಿದ್ದರು. ಗುಂಡಿ ಒತ್ತಿದ ತಾಳದಿಂದ ಡೋಲಕ್ಕಿನವರಿಗೂ ಕ್ಲಾರಿನೆಟ್ಟಿನವರಿಗೂ ಒಂದೊಂದೇ ಮದುವೆ ಕೈತಪ್ಪಿದ್ದೂ ನಿಜ. ಅಕ್ಕರೆಯಿಂದ ನೆನೆಯುವಾಗ ಅದನ್ನು ಮರೆಯಬಾರದು.

ಬೇಸ್ ನುಂಗಿದ ಹಾರ್ನ್

ಈಗ ಡಿಸ್ಕೊ ನಮ್ಮೂರುಗಳಿಗೆ ತಲುಪಿದ ಬಗೆಗೆ ಬರೋಣ. ಮೈಕ್ ಸೆಟ್ ಎನ್ನುತ್ತಿದ್ದೆವು. ಅಹುಜಾ ಆಂಪ್ಲಿಫೈಯರು, ಒಂದು ಬ್ಯಾಟರಿ, ಟೇಪ್ ಡೆಕ್ಕು, ಬೇವಿನ ಮರಕ್ಕೋ ದೇವಸ್ಥಾನದ ಗೋಪುರಕ್ಕೋ ಕಟ್ಟಿದ ಬೂದು ಬಣ್ಣದ ಹಾರ್ನುಗಳು. ಮದುವೆ, ಗೃಹಪ್ರವೇಶ, ಗಣೇಶನ ಪೆಂಡಾಲು, ಊರಹಬ್ಬ, ಚುನಾವಣೆ, ಎಲ್ಲಕ್ಕೂ ಅದೇ ಸೆಟ್ಟು. ಟೂರಿಂಗ್ ಟಾಕೀಸಿನ ಹಾರ್ನಿನಲ್ಲಿ ಮೊದಲು ಘಂಟಸಾಲರ ಭಕ್ತಿಗೀತೆ ಕೇಳಿಬರುತ್ತಿತ್ತು. ಅದಾದ ಮೇಲೆ ಹೊಸ ಸಿನಿಮಾದ ಹಾಡು. ಅದು ಶುರುವಾದರೆ ಟಿಕೆಟ್ಟು ಕೊಡುತ್ತಿದ್ದಾರೆಂದು ಅರ್ಥ.

ಹಾರ್ನಿನ ಗುಣವೇನೆಂದರೆ ಅದು ಮನುಷ್ಯನ ಮಾತನ್ನು ದೂರಕ್ಕೆ ಎಸೆಯಲೆಂದು ಮಾಡಿದ ಸಾಧನ. ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನ ದನಿ ಅದರಲ್ಲಿ ಹೊರಡುವುದೇ ಕಷ್ಟ. ಡಿಸ್ಕೊದ ಡ್ರಮ್ಮಿನ ಗುದ್ದು ಇರುವುದು ನೂರು ಹರ್ಟ್ಸ್‌ನ ಕೆಳಗೆ. ಲಂಡನ್ನಿನ ಕ್ಲಬ್ಬಿನಲ್ಲಿ ಎದೆಗೆ ಗುದ್ದುತ್ತಿದ್ದ ಬೇಸ್ ನಮ್ಮ ಬೇವಿನ ಮರದ ಹಾರ್ನಿನೊಳಗೇ ಇಂಗಿಹೋಗುತ್ತಿತ್ತು. ಹೊರಬರುತ್ತಿದ್ದದ್ದು ಚಿಕ್ ಚಿಕ್ ತಾಳ, ಚಪ್ಪಾಳೆ, ಪ್ಯೂಂ, ಹಾಡುವ ಕೊರಳು ಇಷ್ಟೇ. ಅಂದರೆ ನಾವು ಒಂದು ದಶಕ ಕಾಲ ಕೇಳಿದ್ದು ತಳವಿಲ್ಲದ ಡಿಸ್ಕೊ.

ಆದರೂ ಜನ ಕುಣಿದರಲ್ಲ, ಹೇಗೆ? ಜಾತ್ರೆಯಲ್ಲಿ ನಿಂತು ಕೇಳಿದವರಿಗೆ ಉತ್ತರ ಗೊತ್ತು. ಅನಂತಪುರ, ಚಿತ್ರದುರ್ಗ, ಪಾವಗಡ, ಮಡಕಶಿರಾ ಸೀಮೆಯ ವಾದ್ಯ ಉರುಮೆ. ಒಂದು ಮುಖಕ್ಕೆ ಕೋಲಿನ ಪೆಟ್ಟು, ಇನ್ನೊಂದು ಮುಖದ ಚರ್ಮವನ್ನು ಬಾಗಿದ ಕಡ್ಡಿಯಿಂದ ಉಜ್ಜಿ ಗುಮ್ಮೆನ್ನಿಸುವ ದನಿ. ಅದರ ಜತೆಗೆ ಬೆಂಕಿಗೆ ಕಾಯಿಸಿ ಬಿಗಿ ಮಾಡಿದ ತಮಟೆ. ಮೆರವಣಿಗೆಯಲ್ಲಿ ಒಂದು ಕಡೆ ಉರುಮೆಯವರು, ಇನ್ನೊಂದು ಕಡೆ ಎತ್ತಿನ ಗಾಡಿಯ ಮೇಲಿನ ಮೈಕ್ ಸೆಟ್ಟು. ಹಾರ್ನ್ ಕಳೆದದ್ದನ್ನು ಉರುಮೆ ಕೂಡಿಸುತ್ತಿತ್ತು. ಈ ಎರಡು ಹೀಗೆ ಕೂಡಲಿ ಎಂದು ಯಾವ ಸಂಗೀತ ನಿರ್ದೇಶಕನೂ ಬಯಸಿರಲಿಲ್ಲ. ಆದರೆ ಮಾರಮ್ಮನ ಮುಂದೆ ಹೆಜ್ಜೆ ಹಾಕಿ ಗೊತ್ತಿದ್ದ ಕಾಲುಗಳಿಗೆ ಸಮಪೆಟ್ಟಿನ ತಾಳ ಹೊಸದೇನೂ ಆಗಿರಲಿಲ್ಲ. ಡಿಸ್ಕೊ ಇಲ್ಲಿ ಬೇಗ ಒಗ್ಗಿದ್ದಕ್ಕೆ ಮುಖ್ಯ ಕಾರಣ ಇದೇ ಎಂದು ನನಗನ್ನಿಸುತ್ತದೆ.

ಇದೇ ಜಾತ್ರೆಗಳ ಇನ್ನೊಂದು ಮುಖ ರೆಕಾರ್ಡಿಂಗ್ ಡ್ಯಾನ್ಸ್. ರಾತ್ರಿ ಹತ್ತರ ಮೇಲೆ ತಾತ್ಕಾಲಿಕ ವೇದಿಕೆ, ಕೆಂಪು-ಹಸಿರು ಸೀರಿಯಲ್ ಲೈಟು, ಮಿಂಚಿನ ಅಂಗಿ ತೊಟ್ಟ ಚಿರಂಜೀವಿ, ಬಾಲಕೃಷ್ಣರ ನಕಲುಗಳು. ಬಯಲಾಟಕ್ಕೆ ರಾತ್ರಿಯಿಡೀ ಕೂರುತ್ತಿದ್ದ ಜನವೇ ಇದಕ್ಕೂ ಚಾಪೆ ಹಾಸಿಕೊಂಡು ಕೂತರು. ಅಲ್ಲಿ ಕುಣಿದ ಹೆಣ್ಣುಮಕ್ಕಳ ಬದುಕು ಬೆಳಕಿನಷ್ಟು ಬಣ್ಣದ್ದಾಗಿರಲಿಲ್ಲ. ಕೆಟ್ಟ ಕೂಗು, ಕಡಿಮೆ ಕೂಲಿ, ಅಶ್ಲೀಲವೆಂಬ ದೂರು, ಪೊಲೀಸರ ತಡೆ, ಎಲ್ಲವೂ ಬಂದು ಬೀಳುತ್ತಿದ್ದದ್ದು ಅವರ ತಲೆಯ ಮೇಲೆ. ನೋಡಿ ಶಿಳ್ಳೆ ಹಾಕಿದವರು ಬೆಳಗಾದರೆ ಸಭ್ಯರು.

ಕ್ಯಾಸೆಟ್ಟಿಗೆ ಚೆಕ್‌ಪೋಸ್ಟ್ ಇಲ್ಲ

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಪಾವಗಡದ ಮೇಲೆ ಹೋಗುವ ದಾರಿ ಆಂಧ್ರದಲ್ಲಿ ಹೊರಟು ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಇಳಿಯುತ್ತದೆ. ಪಾವಗಡ ತಾಲ್ಲೂಕಿಗೆ ಮೂರು ಕಡೆಯೂ ಆಂಧ್ರವೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು. ಬಳ್ಳಾರಿ ಸೇರಿ ಉಳಿದವು ಮೈಸೂರಿಗೆ ಬಂದವು. ನಕಾಶೆಯಲ್ಲಿ ಗೆರೆ ಬಿತ್ತು, ಮನೆಗಳೊಳಗೆ ಬೀಳಲಿಲ್ಲ. ಮಡಕಶಿರಾ, ರೊಳ್ಳ, ಅಮರಾಪುರದ ಕಡೆ ಇವತ್ತಿಗೂ ಕನ್ನಡ ಶಾಲೆಗಳಿವೆ. ಅತ್ತೆ ಕನ್ನಡದಲ್ಲಿ ಗದರಿದರೆ ಸೊಸೆ ತೆಲುಗಿನಲ್ಲಿ ಉತ್ತರ ಕೊಡುವ ಮನೆಗಳು ಎರಡೂ ಕಡೆ ಉಂಟು.

ಈ ದಾರಿಯ ಖಾಸಗಿ ಬಸ್ಸುಗಳಲ್ಲಿ ಡ್ರೈವರಿನ ಪಕ್ಕ ಟೇಪ್ ಡೆಕ್ಕು ಕೂತದ್ದು ಎಂಬತ್ತರ ದಶಕದಲ್ಲಿ. ರಾಜ್ಯ ಬದಲಾದರೂ ಹಾಡು ಬದಲಾಗುತ್ತಿರಲಿಲ್ಲ. ಕ್ಯಾಸೆಟ್ಟಿನ 'ಎ' ಬದಿಯಲ್ಲಿ ತೆಲುಗು, 'ಬಿ' ಬದಿಯಲ್ಲಿ ಕನ್ನಡ, ಕೊನೆಯಲ್ಲಿ ಜಾಗ ಉಳಿದರೆ ಹಿಂದಿ. ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿಗಳು ಪ್ರತಿ ಪೇಟೆಯಲ್ಲೂ ಇದ್ದವು.

'ಅಣ್ಣೋ, ಹೊಸಾದು ಏನ್ ಬಂದೈತೆ?'

'ಬಪ್ಪಿ ಲಹಿರಿದು ಬಂದೈತೆ. ತೆಲುಗುದು ಬೇಕಾ, ಕನ್ನಡದ್ದು ಬೇಕಾ?'

'ಎರಡೂ ತುಂಬಣ್ಣ.'

ಅಂಗಡಿಯವನ ಪ್ರಶ್ನೆಯಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. 1986ರಲ್ಲಿ ಬಪ್ಪಿ ಲಹಿರಿ ನಟ ಕೃಷ್ಣ ಅವರ 'ಸಿಂಹಾಸನಂ' ಚಿತ್ರದ ಮೂಲಕ ತೆಲುಗಿಗೆ ಬಂದರು. ರಾಜಮಹಾರಾಜರ ಕಥೆ, ಕಿರೀಟ, ಕತ್ತಿ, 70 ಎಂಎಂ ವೈಭವ. ಹಾಡು ಮಾತ್ರ ಅಪ್ಪಟ ಡಿಸ್ಕೊ! ಅದೇ ವರ್ಷ ದ್ವಾರಕೀಶರು 'ಆಫ್ರಿಕಾದಲ್ಲಿ ಶೀಲಾ' ಚಿತ್ರಕ್ಕೆ ಅವರನ್ನು ಕನ್ನಡಕ್ಕೂ ಕರೆತಂದರು. ಮುಂದೆ ಚಿರಂಜೀವಿಯ 'ಗ್ಯಾಂಗ್ ಲೀಡರ್' 1991ರಲ್ಲಿ, ಬಾಲಕೃಷ್ಣರ 'ರೌಡಿ ಇನ್‌ಸ್ಪೆಕ್ಟರ್' 1992ರಲ್ಲಿ. ಬಂಗಾಳದ ಮನುಷ್ಯ ಹೀಗೆ ರಾಯಲಸೀಮೆಯ ಬಸ್ಸುಗಳ ಆಸ್ಥಾನ ವಿದ್ವಾಂಸರಾದರು.

ಗಡಿಯ ಕಿವಿಗಳಿಗೆ ಎರಡು ಭಾಷೆಯನ್ನು ಹೊಲಿದು ಕೊಟ್ಟ ಕೊರಳು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರದು. ನೆಲ್ಲೂರು ಸೀಮೆಯಲ್ಲಿ ಹುಟ್ಟಿದ ಅವರು ತೆಲುಗಿನಲ್ಲಿ ಹಾಡಿದರೆ ತೆಲುಗಿನವರು, ಕನ್ನಡದಲ್ಲಿ ಹಾಡಿದರೆ ಕನ್ನಡದವರು. ಕುಣಿತದ ಹಾಡಿನ ನಡುವೆ ಅವರು ತುಂಬುತ್ತಿದ್ದ ನಗು, ಉಸಿರು, ಹುಸಿಕೋಪಗಳಿಗಂತೂ ಅನುವಾದ ಬೇಕಿರಲಿಲ್ಲ. 1981ರಲ್ಲಿ ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' ಚಿತ್ರಕ್ಕೆ ಇಳಯರಾಜ ಸಂಗೀತ ಕೊಟ್ಟರು. ಅದರ ವೇದಿಕೆಯ ಹಾಡಿನಲ್ಲಿ ಬೇಸ್ ಗಿಟಾರು ಓಡುವ ಓಟ, ಎಸ್‌ಪಿಬಿ ಕೊರಳಿನ ಹುರುಪು ಇವತ್ತಿಗೂ ಮಾಸಿಲ್ಲ. ಕನ್ನಡದಲ್ಲಿ ಡಿಸ್ಕೊವನ್ನು ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ ಹಾಡು ಇನ್ನೊಂದಿಲ್ಲ ಎಂಬುದು ನನ್ನ ಪಕ್ಷಪಾತ.

1987 ಕನ್ನಡದಲ್ಲಿ ಕುಣಿತದ ವರ್ಷ. ದ್ವಾರಕೀಶರ 'ಡ್ಯಾನ್ಸ್ ರಾಜ ಡ್ಯಾನ್ಸ್' ಚಿತ್ರದಲ್ಲಿ ಲೀಲಾವತಿಯವರ ಮಗ ವಿನೋದ್ ರಾಜ್ ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಎನ್ನುವಂತೆ ಕುಣಿದರು. ಅದೇ ವರ್ಷ ರವಿಚಂದ್ರನ್ ಅವರ 'ಪ್ರೇಮಲೋಕ'. ಮಾತನ್ನೇ ಹಾಡಾಗಿಸಿ, ಸಾಹಿತ್ಯ-ಸಂಗೀತ ಎರಡನ್ನೂ ತಾವೇ ಹೊತ್ತ ಹಂಸಲೇಖ ಎಲೆಕ್ಟ್ರಾನಿಕ್ ದನಿಗಳನ್ನು ಕಾಲೇಜು ಹುಡುಗ-ಹುಡುಗಿಯರ ಜಗಳದ ಲಯಕ್ಕೆ ಹೊಂದಿಸಿದರು. ಲಹರಿ ಕಂಪನಿಯ ಆ ಕ್ಯಾಸೆಟ್ಟು ಗಡಿಯಾಚೆಗೂ ಹೋಯಿತು. ಹಿಂದೂಪುರದಲ್ಲಿ ತೆಲುಗಿನ ಹುಡುಗರು ಕನ್ನಡದ ಸಾಲುಗಳನ್ನು ಅರ್ಧಂಬರ್ಧ ಗುನುಗಿದ್ದು, ಮಧುಗಿರಿ-ಶಿರಾದ ಹುಡುಗರು ಚಿರಂಜೀವಿಯ 'ಪಸಿವಾಡಿ ಪ್ರಾಣಂ' ನೋಡಿ ಬ್ರೇಕ್ ಡ್ಯಾನ್ಸಿಗೆ ಸೊಂಟ ಮುರಿದುಕೊಂಡದ್ದು ಎರಡೂ ಆ ವರ್ಷದ ಲೆಕ್ಕಕ್ಕೇ ಸೇರುತ್ತವೆ.

ಭಾಷೆಯ ಹೆಸರಿನಲ್ಲಿ ಎರಡು ರಾಜ್ಯಗಳು ತಮ್ಮ ತಮ್ಮ ಕಡೆಗೆ ಎಳೆಯುತ್ತಿದ್ದ ಊರುಗಳಿವು. ಇಂಥಲ್ಲಿ ಪದ ತಿಳಿಯದಿದ್ದರೂ ನಡೆಯುವ ಸಂಗೀತವೊಂದು ಬಂದದ್ದು ಸಣ್ಣ ಸಂಗತಿಯಲ್ಲ. ಶಾಸ್ತ್ರೀಯ ಸಂಗೀತಕ್ಕೆ ಕಲಿಕೆ ಬೇಕು, ಭಾವಗೀತೆಗೆ ಭಾಷೆ ಬೇಕು, ಭಜನೆಗೆ ಭಕ್ತಿ ಬೇಕು. ಡಿಸ್ಕೊ ಕೇಳಿದ್ದು ಕಾಲು ಮಾತ್ರ. ಮಸೀದಿ ಬೀದಿಯ ವೆಲ್ಡಿಂಗ್ ಹುಡುಗನಿಗೂ ಪೇಟೆ ಬೀದಿಯ ಶೆಟ್ಟರ ಮಗನಿಗೂ ಊರಾಚೆಯ ಕೇರಿಯವನಿಗೂ ಅದರಲ್ಲಿ ಸಮಪಾಲಿತ್ತು. ಮೆರವಣಿಗೆ ಮುಗಿದ ಮೇಲೆ ಪ್ರತಿಯೊಬ್ಬನೂ ತನ್ನ ತನ್ನ ಬೀದಿಗೇ ವಾಪಸ್ಸಾಗುತ್ತಿದ್ದ, ಅದು ಬೇರೆ ಮಾತು. ಆದರೂ ಆ ಹೊತ್ತಿನ ಮಟ್ಟಿಗೆ ಎಲ್ಲರ ಹೆಜ್ಜೆ ಒಂದೇ ಪೆಟ್ಟಿಗೆ ಬಿದ್ದದ್ದನ್ನು ಕಂಡವರುಂಟು.

ನಕ್ಕವರು, ಮೂಗು ಮುರಿದವರು

ಡಿಸ್ಕೊವನ್ನು ಬೈದವರ ಪಟ್ಟಿ ದೊಡ್ಡದು. ಗದ್ದಲ, ಪಾಶ್ಚಾತ್ಯ ಹುಚ್ಚು, ಕದ್ದ ಮಾಲು ಎಂಬವು ಮುಖ್ಯ ಆಪಾದನೆಗಳು. ಮೂರನೆಯದರಲ್ಲಿ ಹುರುಳಿದೆ, ಆಗಿನ ಎಷ್ಟೋ ಹಾಡುಗಳ ಮೂಲ ಯೂರೋಪಿನ ತಟ್ಟೆಗಳಲ್ಲಿ ಸಿಗುತ್ತದೆ. ಆದರೆ ಹೊರಗಿನಿಂದ ಬಂದ ಹಾರ್ಮೋನಿಯಂ, ಪಿಟೀಲುಗಳಿಗೆ ಜಾಗ ಕೊಟ್ಟ ನಾಡು ಇದು. ಸಿಂಥಸೈಜರಿನ ಮೇಲೆ ಮಾತ್ರ ಸಿಟ್ಟೇಕೆ? ಕೇಳುವವರು ಯಾರು ಎಂಬುದೂ ಆ ಸಿಟ್ಟಿನಲ್ಲಿ ಸೇರಿತ್ತು. ಲಾರಿ ಕ್ಲೀನರು, ಟೈಲರು, ಹಮಾಲಿಗಳು ಮೆಚ್ಚಿದ್ದು ಸಂಗೀತವಾಗುವುದು ಹೇಗೆ ಎಂಬ ಅನುಮಾನ ಅದು. ಶಿಕಾಗೊದಲ್ಲಿ ರೆಕಾರ್ಡು ಸುಟ್ಟವರ ಮನಸ್ಸಿಗೂ ಇದಕ್ಕೂ ಬಹಳ ದೂರವಿಲ್ಲ.

ಇನ್ನೊಂದು ಮಾತೂ ಇದೆ. 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ ರೂಪದಲ್ಲಿ ಬಂದ ಮೇಲೆ ಕನ್ನಡದ ಭಾವಗೀತೆಗಳು ಮನೆಮನೆ ತಲುಪಿದವು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ದನಿ ಕೇಳಿಸಿದ ಟೇಪ್ ರೆಕಾರ್ಡರಿನಲ್ಲೇ ಬಪ್ಪಿ ಲಹಿರಿಯೂ ಕೇಳಿಸಿದರು. ಅಪ್ಪ ಮನೆಯಲ್ಲಿದ್ದಾಗ ಕುವೆಂಪು, ಅಪ್ಪ ಸಂತೆಗೆ ಹೋದಾಗ ಡಿಸ್ಕೊ. ಎರಡನ್ನೂ ಕೇಳಿ ಬೆಳೆದ ತಲೆಮಾರಿಗೆ ಇವೆರಡೂ ಶತ್ರುಗಳಾಗಿ ಕಾಣಲೇ ಇಲ್ಲ. ಕ್ಯಾಸೆಟ್ ಎಂಬ ಅಗ್ಗದ ಸಾಧನ ಬಾರದಿದ್ದರೆ ಎರಡೂ ನಗರ ಬಿಟ್ಟು ಇತ್ತ ಕಡೆ ಹೆಜ್ಜೆ ಇಡುತ್ತಿರಲಿಲ್ಲ.

ಎಲ್ಲಿಗೆ ಹೋಯಿತು?

ತೊಂಬತ್ತರ ದಶಕದ ಆರಂಭದಲ್ಲಿ ಡಿಸ್ಕೊ ಹಳತಾಯಿತು. ಬ್ರೇಕ್ ಡ್ಯಾನ್ಸ್ ಅದರ ಕಾಲೆಳೆಯಿತು. 1992ರಲ್ಲಿ 'ರೋಜಾ' ಬಂದು, ಎ.ಆರ್. ರೆಹಮಾನ್ ಅದೇ ಕೀಬೋರ್ಡು-ಕಂಪ್ಯೂಟರುಗಳಿಂದ ಬೇರೆಯದೇ ಬಣ್ಣದ ದನಿ ಹೊರಡಿಸಿದರು. ಮಿಂಚಿನ ಅಂಗಿಗಳು ಪೆಟ್ಟಿಗೆಯ ತಳ ಸೇರಿದವು. ಸಿನಿಮಾದಲ್ಲಿ ಡಿಸ್ಕೊ ಎಂದರೆ ಹಾಸ್ಯನಟನ ಪ್ರವೇಶಕ್ಕೆ ಬಳಸುವ ದನಿಯಾಯಿತು.

ಆದರೆ ತಾಳ ಎಲ್ಲಿಗೂ ಹೋಗಲಿಲ್ಲ. ಇಂದು ಗಣೇಶನ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಡಿಜೆ ಬಾಕ್ಸುಗಳಿಂದ ಹೊರಡುವುದು ಅದೇ ಸಮಪೆಟ್ಟು. ಆಗ ಹಾರ್ನ್ ನುಂಗಿದ ಬೇಸನ್ನು ಈಗ ಬಡ್ಡಿ ಸಮೇತ ವಸೂಲು ಮಾಡುತ್ತಿರುವಂತೆ. ಮುದುಕರ ಎದೆ, ಮಕ್ಕಳ ಕಿವಿ, ಮನೆಗಳ ಗಾಜು ಅದುರುವ ಈ ಅಬ್ಬರವನ್ನು ಯಾವ ಅಕ್ಕರೆಯೂ ಸಮರ್ಥಿಸದು. ಉರುಮೆಯ ಜತೆ ಹೊಂದಿಕೊಂಡು ನಡೆದ ಹಾರ್ನಿನ ಕಾಲದಲ್ಲಿ ಪಕ್ಕದ ವಾದ್ಯಕ್ಕೂ ಜಾಗವಿತ್ತು. ಡಿಜೆ ಬಾಕ್ಸಿನ ಪಕ್ಕ ಉರುಮೆಯವನು ಎಷ್ಟು ಬಡಿದರೂ ಕೇಳಿಸದು.

ಹೊರಗಿನ ಜಗತ್ತು ಡಿಸ್ಕೊವನ್ನು ಮತ್ತೆ ಗೌರವದಿಂದ ಎತ್ತಿಕೊಂಡಿದೆ. 2013ರಲ್ಲಿ ಫ್ರಾನ್ಸಿನ ಡಾಫ್ಟ್ ಪಂಕ್ ಜೋಡಿ ಮೊರೊಡರ್ ಅವರ ಮಾತುಗಳನ್ನೇ ಹಾಡಿನೊಳಗೆ ಕೂರಿಸಿತು. 1982ರಲ್ಲಿ ರೂಪಾ ಬಿಸ್ವಾಸ್ ಕೆನಡಾದಲ್ಲಿ ಹಾಡಿ, ಯಾರ ಗಮನಕ್ಕೂ ಬಾರದೆ ಉಳಿದ 'ಡಿಸ್ಕೊ ಜಾಜ್' 2019ರಲ್ಲಿ ಮರುಮುದ್ರಣವಾಗಿ ಹೊಸ ಹುಡುಗರ ಕಿವಿ ಸೇರಿತು. 2012ರ ಹಿಂದಿ ಚಿತ್ರವೊಂದು 'ಡಿಸ್ಕೊ ದೀವಾನೆ'ಯನ್ನು ಮತ್ತೆ ಕುಣಿಸಿತು. ನಾಜಿಯಾ ಅದನ್ನು ನೋಡಲು ಇರಲಿಲ್ಲ. 2000ದ ಆಗಸ್ಟಿನಲ್ಲಿ, ಮೂವತ್ತೈದರ ಹರೆಯದಲ್ಲೇ ಆಕೆ ಲಂಡನ್ನಿನಲ್ಲಿ ತೀರಿಕೊಂಡಿದ್ದಳು. ಫಿರೋಜ್ ಖಾನ್ 2009ರಲ್ಲಿ ಬೆಂಗಳೂರಿನಲ್ಲಿ, ಬಪ್ಪಿ ಲಹಿರಿ 2022ರಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ಈ ಸಂಗೀತ ಕೇಳಿ ಬೆಳೆದ ಗಡಿನಾಡಿನವರು ಅದನ್ನು ನೆನೆದು ನಗಬಹುದು, ನಾಚಬೇಕಿಲ್ಲ. ಹಳೆಯ ಹಾಡುಗಳೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತವೆ. ಬಿಡುವಿದ್ದಾಗ 'ಐ ಫೀಲ್ ಲವ್'ನಿಂದ ಶುರುಮಾಡಿ, 'ಆಪ್ ಜೈಸಾ ಕೋಯಿ', ಚರಣ್‌ಜಿತ್ ಸಿಂಗರ ಭೈರವಿ, 'ಗೀತಾ', 'ಸಿಂಹಾಸನಂ', 'ಪ್ರೇಮಲೋಕ' ಈ ಕ್ರಮದಲ್ಲಿ ಕೇಳಿ. ಒಳ್ಳೆಯ ಹೆಡ್‌ಫೋನ್ ಇರಲಿ. ಬಾಯಿಪಾಠವಾಗಿದ್ದ ಹಾಡುಗಳ ಕೆಳಗೆ ಒಂದು ಬೇಸ್ ಓಡುತ್ತಿರುವುದು ಆಗ ಗೊತ್ತಾಗುತ್ತದೆ. ಅದು ಮೊದಲಿನಿಂದಲೂ ಅಲ್ಲೇ ಇತ್ತು. ಅದನ್ನು ಕೇಳದೆಯೇ ನಾವು ಅಷ್ಟು ಚೆನ್ನಾಗಿ ಕುಣಿದಿದ್ದೆವು ಎಂಬುದಕ್ಕೆ ಸ್ವಲ್ಪ ಹೆಮ್ಮೆ ಪಟ್ಟರೂ ತಪ್ಪಿಲ್ಲ.